ಮಕ್ಕಳ ವಿಹಾರತಾಣದಲ್ಲಿ ಮದ್ಯ ಬೇಕೆ?

ತ್ರಿಪ್ಲಿಕೇನಿನಲ್ಲಿ ನೆಲೆಸಿರುವ ನಮಗೆ ಮಕ್ಕಳ ವಿಹಾರವೆಂದರೆ ಮರೀನಾ ಕಡಲತೀರ; ಬಿಡುವು ಹೆಚ್ಚಿದ್ದರೆ ಪೂರ್ವ ಕರಾವಳಿ ರಸ್ತೆಯ ಮನೋರಂಜನಾ ಉದ್ಯಾನಗಳು. ಹಿಂದಿನ ಬೇಸಗೆಯಲ್ಲಿ ನಾಲ್ಕು ಕನ್ನಡ ಕುಟುಂಬಗಳವರು ಒಂದೇ ವ್ಯಾನಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ತರುಣ ಮಿತ್ರರೊಬ್ಬರು, "ಮಕ್ಕಳು ಆಡುವಾಗ ದೊಡ್ಡವರಿಗೊಂದು ಲೋಟ ಬಿಯರ್ ಸಿಕ್ಕಿದರೆ ತಪ್ಪೇನು ಸಾರ್? ಪರದೇಶಗಳಲ್ಲಿ ಕೊಡುವುದಿಲ್ಲವೆ?" ಎಂದರು.

ಕೊಡುತ್ತಾರೆ, ನಿಜ. 1992ರಲ್ಲಿ ಪ್ಯಾರಿಸಿನ ಬಳಿ ಆರಂಭವಾದ ಡಿಸ್ನಿ ಉದ್ಯಾನದಲ್ಲಿ ಮೊದಲು ಮದ್ಯವಿರಲಿಲ್ಲ. ಊಟದೊಡನೆ ದ್ರಾಕ್ಷಾರಸ ಸೇವಿಸುವ ಫ್ರೆಂಚರಿಗೆ ಇದು ಹಿಡಿಸದೆ, ಮರುವರ್ಷವೇ ನಿಯಮ ಸಡಿಲವಾಯಿತು. ಅದು ಅವರ ಊಟದ ಪದ್ಧತಿ. ನಮ್ಮಲ್ಲಿ ಕುಡಿಯುವವರು ಬಹುಮಟ್ಟಿಗೆ ಕುಡಿಯುವುದಕ್ಕಾಗಿಯೇ ಕುಳಿತುಕೊಳ್ಳುವರು.

ತಮಿಳುನಾಡು ಸರ್ಕಾರವು 2023ರಲ್ಲಿ ನಿಯಮ ತಿದ್ದಿ, ವಿಶೇಷ ಪರವಾನಗಿಯ ಮೇಲೆ ಕಲ್ಯಾಣಮಂಟಪ, ಕ್ರೀಡಾಂಗಣ ಮೊದಲಾದೆಡೆ ಮದ್ಯ ನೀಡಲು ಅವಕಾಶ ಕಲ್ಪಿಸಿತ್ತು. ಏಪ್ರಿಲಿನಲ್ಲಿ ವಿಷಯ ಬಯಲಾದೊಡನೆ ಎದ್ದ ವಿರೋಧಕ್ಕೆ ಮಣಿದು ಕಲ್ಯಾಣಮಂಟಪಗಳನ್ನು ಕೈಬಿಟ್ಟಿತು. ಮದುವೆಯ ಚಪ್ಪರಕ್ಕೆ ಸಲ್ಲದ್ದು ಮಕ್ಕಳ ತಿರುಗುತೊಟ್ಟಿಲ ಬಳಿ ಸಲ್ಲುವುದು ಹೇಗೆ?

ಇಲ್ಲಿ ದೇಹಧರ್ಮದ ಮಾತೂ ಇದೆ. ಒಳಗಿವಿಯ ಅರ್ಧವರ್ತುಲ ನಾಳಗಳಲ್ಲಿ ದ್ರವವೂ ಅದರ ಚಲನೆಗೆ ಬಾಗುವ ಮೃದುವಾದೊಂದು ಪೊರೆಯೂ ಇವೆ. ದೇಹದ ಸಮತೋಲ ಇವನ್ನೂ ಅವಲಂಬಿಸಿದೆ. ರಕ್ತದಲ್ಲಿನ ಮದ್ಯ ದ್ರವಕ್ಕಿಂತ ಬೇಗ ಪೊರೆಯನ್ನು ಸೇರಿ ಅದನ್ನು ಹಗುರಗೊಳಿಸುವುದರಿಂದ, ಸುಮ್ಮನೆ ಮಲಗಿದವನಿಗೂ ಲೋಕ ಸುತ್ತಿದಂತೆ ತೋರುತ್ತದೆ. ಹಾಗಿರುವಾಗ ಗಿರಗಿರನೆ ತಿರುಗುವ ಆಸನದಲ್ಲಿ ಕುಳಿತವನ ಅವಸ್ಥೆಯನ್ನು ಊಹಿಸಬಹುದು! ಮದ್ಯವು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನೂ ಕಳೆಯುತ್ತದೆ. ಚೆನ್ನೈನ ಬಿಸಿಲಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇನ್ನು ಕೃತಕ ಅಲೆಗಳ ಕೊಳದಲ್ಲಿ, ಮಗುವಿನ ಮೇಲೆ ಕಣ್ಣಿಡಬೇಕಾದ ತಂದೆಯ ಎಚ್ಚರವೇ ಮಂಕಾಗಿದ್ದರೆ?

"ಸಂಜೆಯೊಳಗೆ ಇಳಿದುಹೋಗುತ್ತದೆ" ಎನ್ನುವವರುಂಟು. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನಷ್ಟೇ ಕರಗಿಸಬಲ್ಲುದು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಇದನ್ನು ತ್ವರೆಗೊಳಿಸದು. ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ನಡೆಸುವುದು ಅಪರಾಧ. ಇಂತಹ ಉದ್ಯಾನಗಳಿಂದ ಊರಿಗೆ ಹಿಂದಿರುಗುವ ದಾರಿಯಾದರೋ ವೇಗದ ಹೆದ್ದಾರಿ.

ಬ್ಯಾಂಕಿನಲ್ಲಿ ಲೆಕ್ಕ ನೋಡುವ ನನಗೆ ಈ ವ್ಯಾಪಾರದಲ್ಲೊಂದು ವಿಚಿತ್ರ ಕಾಣುತ್ತದೆ. ಜಮೆ ಉದ್ಯಾನದ ಪುಸ್ತಕದಲ್ಲಿ. ಖರ್ಚು ಮಾತ್ರ ಹಿಂದಿನ ಆಸನದಲ್ಲಿ ಮಗುವನ್ನು ತಬ್ಬಿ ಕುಳಿತ ಗೃಹಿಣಿಯದು. ಅವಳನ್ನು ಕೇಳಿ ಪರವಾನಗಿ ಕೊಡುವವರು ಯಾರು?

ಅಂದು ರಾತ್ರಿ ಎಂಟಕ್ಕೆ ಹಿಂದಿರುಗಿದಾಗ ವ್ಯಾನಿನಲ್ಲಿ ಹದಿನಾಲ್ಕು ಮಂದಿಯಿದ್ದೆವು. ಮಕ್ಕಳು ಆರೂ ನಿದ್ದೆಹೋಗಿದ್ದವು. ವಾಹನ ನಡೆಸಿದವರು ಆ ತರುಣ ಮಿತ್ರರೇ.