ಕಾಲಿದ್ದ ತಿಮಿಂಗಿಲ

ಜೀವವಿಕಾಸದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಒಂದು ಜೀವಿ ಬದಲಾಗುತ್ತ ಬದಲಾಗುತ್ತ ಮತ್ತೊಂದು ಆಗಿದ್ದು ನಿಜವಾದರೆ, ನಡುವಿನ ಪ್ರಾಣಿಗಳೆಲ್ಲ ಎಲ್ಲಿ ಹೋದವು? ಇದು ಉಡಾಫೆಯಿಂದ ತಳ್ಳಿಹಾಕುವ ಪ್ರಶ್ನೆಯಲ್ಲ. ಸ್ವತಃ ಚಾರ್ಲ್ಸ್ ಡಾರ್ವಿನ್‌ಗೂ ಇದು ತಲೆನೋವಾಗಿತ್ತು. ಇದಕ್ಕೆ ಸಿಕ್ಕಿರುವ ಉತ್ತರಗಳಲ್ಲಿ ಅತ್ಯಂತ ಸೊಗಸಾದದ್ದು ತಿಮಿಂಗಿಲದ ಚರಿತ್ರೆ. ಆ ಚರಿತ್ರೆಯ ಆರಂಭದ ಪುಟಗಳು ಸಿಕ್ಕಿದ್ದು ನಮ್ಮ ಉಪಖಂಡದ ಕಲ್ಲುಗಳಲ್ಲೇ.

ತಿಮಿಂಗಿಲ ಮೀನಲ್ಲ. ಉಸಿರಾಡಲು ಮೇಲೆ ಬರಲೇಬೇಕು, ಮರಿ ಹಾಕುತ್ತದೆ, ಹಾಲೂಡಿಸುತ್ತದೆ. ಈಜುವ ರೀತಿಯೂ ಬೇರೆ. ಮೀನು ಬಾಲವನ್ನು ಎಡಕ್ಕೂ ಬಲಕ್ಕೂ ಬೀಸಿದರೆ ತಿಮಿಂಗಿಲ ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಓಡುವ ನಾಯಿಯ ಬೆನ್ನು ಬಾಗುವುದೂ ಹೀಗೆ ಮೇಲೆ ಕೆಳಗೆಯೇ. ಅಂದಮೇಲೆ ಇದರ ಪೂರ್ವಿಕರು ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡಿದ ಸಸ್ತನಿಗಳೇ ಆಗಿರಬೇಕು. 1859ರಲ್ಲಿ ಬಂದ ತನ್ನ ‘ಜೀವಿಜಾತಿಗಳ ಉಗಮ’ದಲ್ಲಿ ಡಾರ್ವಿನ್, ಉತ್ತರ ಅಮೆರಿಕದ ಕಪ್ಪು ಕರಡಿಯೊಂದು ಬಾಯಿ ತೆರೆದು ಗಂಟೆಗಟ್ಟಲೆ ಈಜುತ್ತ ನೀರಿನ ಕೀಟಗಳನ್ನು ಹಿಡಿಯುತ್ತಿದ್ದ ವರದಿಯನ್ನು ಎತ್ತಿಕೊಂಡು, ಇಂಥ ಪ್ರಾಣಿ ಕಾಲಾಂತರದಲ್ಲಿ ತಿಮಿಂಗಿಲದಂತೆ ಆಗಬಹುದು ಎಂದು ಊಹಿಸಿದ. ಜನ ಗೇಲಿ ಮಾಡಿದರು. ಮುಂದಿನ ಆವೃತ್ತಿಯಲ್ಲಿ ಆ ಭಾಗವನ್ನು ಅವನು ಮೊಟಕುಗೊಳಿಸಿದ. ಕರಡಿಯ ಊಹೆ ತಪ್ಪಾಗಿತ್ತು ನಿಜ. ಆದರೆ ನೆಲದಿಂದ ನೀರಿಗೆ ಎಂಬ ದಿಕ್ಕು ಸರಿಯಾಗಿಯೇ ಇತ್ತು. ಅದನ್ನು ತೋರಿಸಲು ಅವನ ಕೈಯಲ್ಲಿ ಒಂದು ಮೂಳೆಯೂ ಇರಲಿಲ್ಲ.

ಮೂಳೆ ಸಿಗಲು ನೂರಿಪ್ಪತ್ತು ವರ್ಷ ಹಿಡಿಯಿತು. ಇಂದು ಪಾಕಿಸ್ತಾನ ಮತ್ತು ಪಶ್ಚಿಮ ಭಾರತ ಇರುವ ಕಡೆ ಐದು ಕೋಟಿ ವರ್ಷಗಳ ಹಿಂದೆ ಟೆಥಿಸ್ ಎಂಬ ಸಮುದ್ರದ ಆಳವಿಲ್ಲದ ಅಂಚು ಇತ್ತು. ಭಾರತದ ಭೂಫಲಕ ಏಷ್ಯಾಕ್ಕೆ ಒತ್ತಿಕೊಂಡು ಬಂದಂತೆ ಆ ಸಮುದ್ರ ಮುಚ್ಚಿಹೋಯಿತು, ಅದರ ತಳದ ಕೆಸರು ಕಲ್ಲಾಗಿ ಬೆಟ್ಟಕ್ಕೇರಿತು. ಅಂಥ ಪಾಕಿಸ್ತಾನದ ಬೆಟ್ಟವೊಂದರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಫಿಲಿಪ್ ಜಿಂಗರಿಚ್ ಅವರಿಗೆ ತಲೆಬುರುಡೆಯ ಹಿಂಭಾಗ ಸಿಕ್ಕಿತು. 1981ರಲ್ಲಿ ಅದಕ್ಕೆ ಪಾಕಿಸೀಟಸ್ ಎಂದು ಹೆಸರಿಡಲಾಯಿತು. ತೋಳದಷ್ಟು ಗಾತ್ರದ, ನಾಲ್ಕು ಕಾಲಿನ ಪ್ರಾಣಿ ಅದು. ಹಾಗಾದರೆ ಅದನ್ನು ತಿಮಿಂಗಿಲದ ಕುಲಕ್ಕೆ ಸೇರಿಸಿದ್ದು ಹೇಗೆ? ಕಿವಿಯಿಂದ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಕಿವಿಯ ಮೂಳೆಗೂಡಿನ ಒಳಗೋಡೆ ವಿಪರೀತ ದಪ್ಪ. ಬೇರೆ ಯಾವ ಜೀವಂತ ಸಸ್ತನಿಯಲ್ಲೂ ಅದು ಹಾಗಿಲ್ಲ. ಪಾಕಿಸೀಟಸ್‌ನಲ್ಲಿ ಇತ್ತು.

ಆಮೇಲೆ ಒಂದರ ಹಿಂದೊಂದು ಸಿಗತೊಡಗಿದವು. 1994ರಲ್ಲಿ ಇನ್ನೊಬ್ಬ ಪಳೆಯುಳಿಕೆ ತಜ್ಞ ಹಾನ್ಸ್ ಥೇವಿಸ್ಸೆನ್ ಪಾಕಿಸ್ತಾನದ ಪಂಜಾಬಿನಿಂದ ಆಂಬ್ಯುಲೋಸೀಟಸ್ ಅನ್ನು ಪರಿಚಯಿಸಿದರು: ಸುಮಾರು ಮೂರು ಮೀಟರ್ ಉದ್ದ, ಗಿಡ್ಡ ಕಾಲು, ದೋಣಿಯ ಹುಟ್ಟಿನಂಥ ದೊಡ್ಡ ಹಿಂಪಾದ. ಗುಜರಾತಿನ ಕಚ್ಛದಲ್ಲಿ ನಮ್ಮ ವಿಜ್ಞಾನಿಗಳಾದ ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರಾ 1970ರ ದಶಕದಲ್ಲೇ ಹಳೆಯ ತಿಮಿಂಗಿಲಗಳನ್ನು ಗುರುತಿಸಿದ್ದರು. ಮುಂದೆ ಸುನಿಲ್ ಬಾಜಪೇಯಿ ಅಲ್ಲಿ ಇನ್ನಷ್ಟು ತೆಗೆದರು. ಈಜಿಪ್ಟಿನ ಮರುಭೂಮಿಯ ವಾದಿ ಅಲ್ ಹಿತಾನ್‌ನಲ್ಲಂತೂ ಹದಿನೈದು ಮೀಟರಿಗೂ ಉದ್ದದ ಬೆಸಿಲೊಸಾರಸ್‌ಗೆ ಹಿಂಗಾಲು ಇದ್ದದ್ದು ಗೊತ್ತಾಯಿತು. ಅಷ್ಟು ದೊಡ್ಡ ದೇಹಕ್ಕೆ ಪುಟ್ಟ ಕಾಲು, ಆದರೆ ಮೊಣಕಾಲೂ ಇತ್ತು, ಬೆರಳೂ ಇದ್ದವು.

‘ಅರ್ಧ ಕಾಲು, ಅರ್ಧ ಈಜುರೆಕ್ಕೆ ಇದ್ದರೆ ಏನು ಪ್ರಯೋಜನ? ಅಂಥ ಪ್ರಾಣಿ ಬದುಕುವುದಾದರೂ ಹೇಗೆ?’ ಎಂದು ಕೇಳುವವರಿದ್ದಾರೆ. ಆಂಬ್ಯುಲೋಸೀಟಸ್ ತಾನಿದ್ದ ಜಾಗಕ್ಕೆ ಪೂರ್ಣ ಪ್ರಾಣಿಯೇ. ಆಳವಿಲ್ಲದ ನೀರಲ್ಲಿ ಮೊಸಳೆಯ ಹಾಗೆ ಹೊಂಚಿ ಕೂರಲು ಅದಕ್ಕೆ ಬೇಕಾದದ್ದು ಆ ಕಾಲು, ಆ ಪಾದವೇ. ಮುಂದೊಂದು ದಿನ ತಿಮಿಂಗಿಲವಾಗಬೇಕೆಂದು ಅದು ಕಾದು ಕೂತಿರಲಿಲ್ಲ. ಅಂದಂದಿನ ಬದುಕಿಗೆ ಒದಗಿದ ಸಣ್ಣ ವ್ಯತ್ಯಾಸಗಳು ಮರಿಗಳಿಗೆ ದಾಟಿದವು, ಒದಗದವು ಅಳಿದವು. ಇದನ್ನೇ ನಿಸರ್ಗದ ಆಯ್ಕೆ ಎನ್ನುವುದು.

ಇನ್ನು, ‘ಇದೆಲ್ಲ ಬರೀ ಥಿಯರಿ ತಾನೆ?’ ಎಂಬ ಮಾತು. ಹಲ್ಲುಗಳ ಹೋಲಿಕೆ ನೋಡಿ, ಅಳಿದುಹೋದ ಮಾಂಸಾಹಾರಿ ಗುಂಪೊಂದರಿಂದ ತಿಮಿಂಗಿಲ ಬಂದಿರಬೇಕೆಂದು ಜಿಂಗರಿಚ್ ಸೇರಿದಂತೆ ಅನೇಕರು ನಂಬಿದ್ದರು. 1990ರ ದಶಕದಲ್ಲಿ ಡಿಎನ್ಎ ಪರೀಕ್ಷೆ ಬೇರೆಯೇ ಹೇಳಿತು: ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ ನೆಂಟ ನೀರಾನೆ. ಜಗಳ ಬಿಡಿಸಲು ಬೇಕಾಗಿದ್ದದ್ದು ಪಾದ ಮತ್ತು ಕಾಲು ಕೂಡುವ ಕೀಲಿನ ಒಂದು ಮೂಳೆ. ದನ, ಆಡು, ಹಂದಿ, ಜಿಂಕೆ, ನೀರಾನೆ ಇಂಥ ಸೀಳುಗೊರಸಿನ ಕುಲದಲ್ಲಿ ಮಾತ್ರ ಅದರ ಮೇಲೂ ಕೆಳಗೂ ಬಾವಿಯ ರಾಟೆಯಂಥ ತೋಡು ಇರುತ್ತದೆ. 2001ರಲ್ಲಿ ಪಾಕಿಸ್ತಾನದ ಬಲೂಚಿಸ್ತಾನದಿಂದ ಬಂದ ಹಳೆಯ ತಿಮಿಂಗಿಲಗಳ ಕಾಲಲ್ಲಿ ಆ ಮೂಳೆ ಸಿಕ್ಕಿತು. ಎರಡೂ ಕಡೆ ತೋಡು. ಜಿಂಗರಿಚ್ ತಮ್ಮ ಹಳೆಯ ಅಭಿಪ್ರಾಯ ಬಿಟ್ಟರು. ಕಲ್ಲಿನೊಳಗಿನ ಮೂಳೆ ಮತ್ತು ಪ್ರಯೋಗಾಲಯದ ಡಿಎನ್ಎ ಒಂದೇ ಮಾತು ಹೇಳಿದ್ದವು. ಥಿಯರಿ ಎಂದರೆ ಮನಸ್ಸಿಗೆ ಬಂದ ಊಹೆ ಎಂದುಕೊಂಡವರು ಇದೊಂದು ಪ್ರಸಂಗವನ್ನು ಗಮನಿಸಬೇಕು.

ನಮ್ಮ ನೆಲದ ದೊಡ್ಡ ಕೊಡುಗೆ ಬಂದಿದ್ದು ಜಮ್ಮುವಿನ ರಾಜೌರಿ ಜಿಲ್ಲೆಯ ಕಾಲಾಕೋಟದಿಂದ. ಭೂವಿಜ್ಞಾನಿ ಎ. ರಂಗರಾವ್ ಅಲ್ಲಿ ಕಲ್ಲುಗಳನ್ನು ಸಂಗ್ರಹಿಸಿ, ಸಿಕ್ಕ ಹಲ್ಲು ದವಡೆಗಳ ಆಧಾರದ ಮೇಲೆ 1971ರಲ್ಲಿ ಇಂಡೋಹ್ಯೂಸ್ ಎಂಬ ಪ್ರಾಣಿಯನ್ನು ಹೆಸರಿಸಿದರು. ಉಳಿದ ಕಲ್ಲುಗಳನ್ನು ಒಡೆದು ನೋಡುವ ಮೊದಲೇ ತೀರಿಕೊಂಡರು. ಅವರ ಪತ್ನಿ ಆ ಕಲ್ಲುಗಳನ್ನು ಜತನದಿಂದ ಕಾಪಾಡಿ ಥೇವಿಸ್ಸೆನ್ ಅವರಿಗೆ ಕೊಟ್ಟರು. ಬುರುಡೆಯೊಂದನ್ನು ಶುಚಿ ಮಾಡುವಾಗ ಅದರ ಕಿವಿಯ ಭಾಗ ಆಕಸ್ಮಿಕವಾಗಿ ಮುರಿಯಿತು. ಒಳಗೆ ಕಂಡದ್ದು ಅದೇ ದಪ್ಪ ಗೋಡೆ! ಬೆಕ್ಕಿನಷ್ಟು ಗಾತ್ರದ, ನಮ್ಮ ಮಲೆನಾಡಿನ ಬರ್ಕವನ್ನು ಹೋಲುವ ಪುಟ್ಟ ಗೊರಸಿನ ಪ್ರಾಣಿಗೆ ತಿಮಿಂಗಿಲದ ಕಿವಿ. ಕಾಲಿನ ಮೂಳೆಗಳೂ ನೀರಲ್ಲಿ ಅಡ್ಡಾಡುವ ನೀರಾನೆಯ ಮೂಳೆಗಳಂತೆ ಒತ್ತಾಗಿ, ಭಾರವಾಗಿದ್ದವು. ಈ ಬಗ್ಗೆ ಥೇವಿಸ್ಸೆನ್ ಜೊತೆ ಬಾಜಪೇಯಿ ಮತ್ತು ಬಿ.ಎನ್. ತಿವಾರಿ ಅವರೂ ಸೇರಿ ಬರೆದ ಪ್ರಬಂಧ 2007ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಇಂಡೋಹ್ಯೂಸ್ ಬದುಕಿದ್ದು ಸುಮಾರು 4.8 ಕೋಟಿ ವರ್ಷಗಳ ಹಿಂದೆ. ಆ ಹೊತ್ತಿಗೆ ಪಾಕಿಸೀಟಸ್ ಆಗಲೇ ಬಂದಾಗಿತ್ತು. ಹಾಗಾಗಿ ಇದು ತಿಮಿಂಗಿಲದ ಅಜ್ಜ ಅಲ್ಲ, ದಾಯಾದಿ. ನೀರಾನೆಯೂ ಅಷ್ಟೆ. ‘ಮಂಗನಿಂದ ಮಾನವ ಆದದ್ದು ನಿಜವಾದರೆ ಮಂಗಗಳು ಇನ್ನೂ ಯಾಕಿವೆ?’ ಎಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ಈಗಿನ ನೀರಾನೆಯಿಂದ ತಿಮಿಂಗಿಲ ಹುಟ್ಟಲಿಲ್ಲ, ಈಗಿನ ಮಂಗನಿಂದ ಮನುಷ್ಯನೂ ಹುಟ್ಟಲಿಲ್ಲ. ಒಂದೇ ಮೂಲದಿಂದ ಕವಲೊಡೆದು ಬಂದವು ಎರಡೂ. ನಾವಿದ್ದೇವೆ ಎಂದು ನಮ್ಮ ಚಿಕ್ಕಪ್ಪನ ಮಕ್ಕಳು ಇಲ್ಲವಾಗುವುದಿಲ್ಲವಲ್ಲ.

ಹಳೆಯ ಗುರುತು ಇವತ್ತಿಗೂ ಅಳಿಸಿಲ್ಲ. ಡಾಲ್ಫಿನ್ ಭ್ರೂಣಕ್ಕೆ ಗರ್ಭದಲ್ಲಿ ಹಿಂಗಾಲಿನ ಮೊಗ್ಗು ಮೂಡಿ, ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. 2006ರಲ್ಲಿ ಜಪಾನಿನ ತೈಜಿಯಲ್ಲಿ ಸೆರೆ ಸಿಕ್ಕ ಡಾಲ್ಫಿನ್ ಒಂದಕ್ಕೆ ಹಿಂಗಾಲಿರಬೇಕಾದ ಜಾಗದಲ್ಲಿ ಇನ್ನೊಂದು ಜೊತೆ ಈಜುರೆಕ್ಕೆ ಬೆಳೆದಿತ್ತು.

ಇಷ್ಟೆಲ್ಲ ಸಿಕ್ಕಿರುವಾಗ, 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಇದೆ, ಸರಿ. ಆದರೆ ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಳ್ಳುವ ಮಗುವಿಗೆ ಅದು ಸಿಗುವುದಿಲ್ಲ. ಇದು ಅನ್ಯಾಯ. ಪುಸ್ತಕದಲ್ಲಿ ಇರಲಿ ಬಿಡಲಿ, ನಡುವಿನ ಪ್ರಾಣಿ ಎಲ್ಲಿ ಎಂದು ತರಗತಿಯಲ್ಲಿ ಮಗುವೊಂದು ಎದ್ದು ಕೇಳಿದರೆ, ಮೇಷ್ಟರೇ, ದಯವಿಟ್ಟು ಅದನ್ನು ಸುಮ್ಮನಾಗಿಸಬೇಡಿ. ಕಾಲಾಕೋಟದ ಕಲ್ಲಿನ ಕಥೆ ಹೇಳಿ.