ಜಾಲಪುಟದ ಕೊಂಡಿಗಳು: ವರ್ತಕರೂ ಸಣ್ಣ ತಯಾರಕರೂ ಅರಿತಿರಬೇಕಾದ ವಿಚಾರಗಳು

ಕಿರ್ದಿ ಪುಸ್ತಕದ ಪ್ರತಿಯೊಂದು ನಮೂದಿನ ಪಕ್ಕದಲ್ಲಿ ಖಾತೆ ಪುಸ್ತಕದ ಪುಟಸಂಖ್ಯೆಯನ್ನು ಬರೆಯುವ ಪದ್ಧತಿ ವರ್ತಕರಿಗೆ ಹೊಸದಲ್ಲ. ಆ ಸಂಖ್ಯೆ ಸರಿಯಿದ್ದರೆ ಲೆಕ್ಕ ತಾಳೆಯಾಗುತ್ತದೆ. ತಪ್ಪಿದ್ದರೆ ಇಡೀ ಪುಸ್ತಕವನ್ನು ತಿರುವಿ ಹಾಕಬೇಕಾಗುತ್ತದೆ. ಜಾಲಪುಟದಲ್ಲಿನ ಕೊಂಡಿ, ಅಂದರೆ ಹೈಪರ್‌ಲಿಂಕ್, ಮಾಡುವ ಕೆಲಸವೂ ಇದೇ. ವ್ಯತ್ಯಾಸವಿಷ್ಟೆ: ದಾರಿ ತಪ್ಪಿದ ಗಿರಾಕಿ ಪುಟ ತಿರುವುತ್ತ ಕೂರುವುದಿಲ್ಲ, ಬೇರೆ ಅಂಗಡಿಗೆ ಹೋಗುತ್ತಾನೆ.

ರಚನೆ

ಜಾಲಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಕೊಂಡಿಯನ್ನು 'ಎ' ಎಂಬ ಟ್ಯಾಗ್‌ನಿಂದ ರಚಿಸಲಾಗುತ್ತದೆ. ಅದಕ್ಕೆ ಎರಡು ಅಂಗಗಳು: 'ಎಚ್‌ರೆಫ್' ಎಂಬಲ್ಲಿ ನಮೂದಿಸುವ ವಿಳಾಸ ಮತ್ತು ಓದುಗನ ಕಣ್ಣಿಗೆ ಕಾಣುವ ಪದಗಳು. ಸಿದ್ಧ ತಂತ್ರಾಂಶ ಬಳಸುವವರು ಪದಗಳನ್ನು ಆಯ್ದು, ಸರಪಳಿಯ ಚಿಹ್ನೆಯನ್ನು ಒತ್ತಿ ವಿಳಾಸ ನೀಡಿದರೆ ಸಾಕು. ಕಾಣುವ ಪದಗಳು 'ಇಲ್ಲಿ ಒತ್ತಿ' ಎಂದಿರದೆ 'ಅರಗಿನ ಬಣ್ಣದ ಆಟಿಕೆಗಳ ದರಪಟ್ಟಿ' ಎಂಬಂತೆ ಸ್ಪಷ್ಟವಾಗಿರಬೇಕು.

ಮುಖ್ಯ ವಿಧಗಳು

1. ಒಳಕೊಂಡಿ: ಇದು ಸ್ವಂತ ತಾಣದ ಒಂದು ಪುಟದಿಂದ ಮತ್ತೊಂದಕ್ಕೆ ಒಯ್ಯುತ್ತದೆ. ಇದಕ್ಕೆ ಪುಟದ ಹೆಸರಷ್ಟೇ ಸಾಕು. ಆದರೆ ಅನೇಕ ಸರ್ವರ್‌ಗಳು ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಬೇರೆಬೇರೆ ಎಂದೇ ಪರಿಗಣಿಸುತ್ತವೆಂಬುದನ್ನು ಮರೆಯಬಾರದು.

2. ಅದೇ ಪುಟದೊಳಗಿನ ಕೊಂಡಿ: ರಾಮನಗರದ ರೇಷ್ಮೆ ವರ್ತಕರೊಬ್ಬರ ಉದ್ದನೆಯ ಪುಟದಲ್ಲಿ ಹುರಿ ಮಾಡಿದ ನೂಲಿನ ವಿವರ ಕೆಳಗಿದ್ದರೆ, ಆ ಭಾಗಕ್ಕೆ ಒಂದು ಗುರುತಿನ ಹೆಸರು ಕೊಟ್ಟು, ಕೊಂಡಿಯಲ್ಲಿ ಹ್ಯಾಶ್ ಚಿಹ್ನೆಯೊಡನೆ ಅದನ್ನೇ ಬರೆಯಬೇಕು.

3. ಹೊರಕೊಂಡಿ: ಬೇರೊಂದು ತಾಣಕ್ಕೆ ಒಯ್ಯುವ ಇದರಲ್ಲಿ 'ಎಚ್‌ಟಿಟಿಪಿಎಸ್' ಎಂಬುದರಿಂದ ಮೊದಲ್ಗೊಂಡು ಪೂರ್ಣ ವಿಳಾಸ ಇರಲೇಬೇಕು. ಅದನ್ನು ಬಿಟ್ಟರೆ ಬ್ರೌಸರ್ ಆ ಪುಟವನ್ನು ವರ್ತಕನ ಸ್ವಂತ ತಾಣದಲ್ಲೇ ಹುಡುಕಿ ಬರಿಗೈಯಲ್ಲಿ ಹಿಂದಿರುಗುತ್ತದೆ.

4. ಸಂಪರ್ಕದ ಕೊಂಡಿ: ಮಾಗಡಿಯ ಅಂಗಡಿಯ ದೂರವಾಣಿ ಸಂಖ್ಯೆಗೆ 'ಟೆಲ್' ಎಂಬ ಪೂರ್ವಪದ ಸೇರಿಸಿದರೆ, ಮೊಬೈಲಿನಲ್ಲಿ ಒತ್ತಿದೊಡನೆ ಕರೆಗೆ ಸಿದ್ಧವಾಗುತ್ತದೆ. ಮಿಂಚಂಚೆಗೆ 'ಮೇಲ್‌ಟು' ಎಂಬುದು ಪೂರ್ವಪದ. ವಾಟ್ಸ್‌ಆ್ಯಪ್ ಕೊಂಡಿಯಲ್ಲಿ ಸಂಖ್ಯೆಯ ಹಿಂದೆ 91 ಇರಬೇಕು. ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಇರಕೂಡದು.

5. ಕಡತದ ಕೊಂಡಿ: ಕನಕಪುರದ ಗ್ರಾನೈಟ್ ವ್ಯಾಪಾರಿ ಚಪ್ಪಡಿಗಳ ಅಳತೆ ಮತ್ತು ದರಗಳ ಪಟ್ಟಿಯನ್ನು ಪಿಡಿಎಫ್ ರೂಪದಲ್ಲಿ ನೀಡಬಹುದು. ಕಡತವನ್ನು ಮೊದಲು ಸರ್ವರ್‌ಗೆ ಏರಿಸಿರಬೇಕು. ವಿಳಾಸ ಕಚೇರಿಯ ಗಣಕದ 'ಸಿ' ಡ್ರೈವಿನದಾಗಿದ್ದರೆ ಅದು ಆ ಗಣಕದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಗಿರಾಕಿಗೆ ಏನೂ ಕಾಣಿಸದು.

ಆಧಾರ ತೋರಿಸುವ ಕೊಂಡಿ

ಈ ಭಾಗದ ಉದ್ಯಮಗಳಿಗೆ ಅತ್ಯಂತ ಪ್ರಯೋಜನಕಾರಿಯಾದುದು ಇದೇ. ಹಾಲೆ ಮರದ ಚನ್ನಪಟ್ಟಣದ ಆಟಿಕೆಗಳು 1999ರ ಭೌಗೋಳಿಕ ಸೂಚಿಗಳ ಅಧಿನಿಯಮದಡಿ ನೋಂದಣಿ ಪಡೆದಿವೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೂ, ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಉತ್ಪನ್ನಗಳಿಗೂ ವಿನಾಯಿತಿ ನೀಡಲಾಯಿತು. ಆದ್ದರಿಂದ ತಾನು ಯಾವ ವರ್ಗಕ್ಕೆ ಸೇರಿದವನೆಂಬುದನ್ನು ತಯಾರಕ ಪುಟದಲ್ಲಿ ತಿಳಿಸಿ, ತನ್ನದೇ ನೋಂದಣಿ ಪತ್ರಕ್ಕೆ ಅಥವಾ ಪರವಾನಗಿಗೆ ಕೊಂಡಿ ನೀಡುವುದು ಉಚಿತ. ಊರಿನ ಹೆಸರಿಗೆ ದೊರೆತ ನೋಂದಣಿ ತಾನಾಗಿಯೇ ಪ್ರತಿಯೊಬ್ಬ ಮಾರಾಟಗಾರನನ್ನೂ ಅಧಿಕೃತ ಬಳಕೆದಾರನನ್ನಾಗಿ ಮಾಡುವುದಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಪ್ರೋತ್ಸಾಹದಿಂದ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ಮುದ್ರೆಯ ಚಿತ್ರ ಹಾಕಿದರೆ ಅದು ಹೇಳಿಕೆಯಷ್ಟೆ. ಅದರ ಹಿಂದೆ ಪರಿಶೀಲಿಸಬಹುದಾದ ದಾಖಲೆಯ ಕೊಂಡಿ ಇದ್ದರೆ ಅದು ಆಧಾರ.

ತಾಣದಲ್ಲಿಯೇ ಮಾರಾಟ ನಡೆಸುವವರು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳನ್ನು ಗಮನಿಸತಕ್ಕದ್ದು. ಸಂಸ್ಥೆಯ ಹೆಸರು, ವಿಳಾಸ ಮತ್ತು ದೂರು ಅಧಿಕಾರಿಯ ಸಂಪರ್ಕ ವಿವರ ಎದ್ದು ಕಾಣುವಂತಿರಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪ್ರತಿ ಪುಟದ ಅಡಿಯಲ್ಲಿ ಇದಕ್ಕೊಂದು ಒಳಕೊಂಡಿ ಇಟ್ಟರೆ ಗಿರಾಕಿ ಹುಡುಕಬೇಕಾಗುವುದಿಲ್ಲ.

ತಿಂಗಳ ತನಿಖೆ

ಬ್ಯಾಂಕಿನ ಲೆಕ್ಕ ತಾಳೆ ನೋಡುವ ದಿನವೇ ಕೊಂಡಿಗಳನ್ನೂ ನೋಡುವ ಅಭ್ಯಾಸ ಒಳ್ಳೆಯದು. ಪುಟ ರಚಿಸಿದ ಗಣಕದಲ್ಲಿ ಬೇಡ. ಬೇರೊಬ್ಬರ ಮೊಬೈಲಿನಲ್ಲಿ ಪ್ರತಿಯೊಂದನ್ನೂ ಒತ್ತಿ ನೋಡಬೇಕು. ಹಳೆಯ ದರಪಟ್ಟಿ, ಬದಲಾದ ದೂರವಾಣಿ ಸಂಖ್ಯೆ, ಅವಧಿ ಮೀರಿದ ಪ್ರಮಾಣಪತ್ರ ಇವುಗಳು ಆಗಲೇ ಬೆಳಕಿಗೆ ಬರುತ್ತವೆ. ಈ ತನಿಖೆಗೆ ಹಿಡಿಯುವ ಸಮಯ ಅರ್ಧ ಗಂಟೆ. ಅದನ್ನು ಕೈಬಿಟ್ಟಾಗ ತಪ್ಪಿಹೋದ ಬೇಡಿಕೆಗಳು ಮಾತ್ರ ಯಾವ ಖಾತೆಯಲ್ಲಿಯೂ ನಮೂದಾಗುವುದಿಲ್ಲ.