ವೇಬ್ರಿಡ್ಜ್ ತೂಕಸೂಚಕವನ್ನು ಗಣಕಯಂತ್ರ ಜಾಲಕ್ಕೆ ಜೋಡಿಸುವ ಕುರಿತು

ಸತ್ಯಾಪನೆ ಮತ್ತು ಮುದ್ರೆಗೆ ಅರ್ಜಿ ಸಲ್ಲಿಸುವ ವೇಬ್ರಿಡ್ಜ್ ಮಾಲೀಕರ ಗಮನಕ್ಕೆ:

ತೂಕಸೂಚಕದ ಆರ್‌ಎಸ್-232 ಕೇಬಲನ್ನು ಸಾಮಾನ್ಯವಾಗಿ 15 ಮೀಟರ್‌ಗಿಂತ ಉದ್ದ ಎಳೆಯುವುದು ಸೂಕ್ತವಲ್ಲ. ಬಿಲ್ಲಿಂಗ್ ಕೊಠಡಿಯು ದೂರವಿದ್ದಲ್ಲಿ ಸೂಚಕದ ಬಳಿ ಸೀರಿಯಲ್ ಡಿವೈಸ್ ಸರ್ವರ್ ಎಂಬ ಉಪಕರಣವನ್ನು ಅಳವಡಿಸಿ, ಅಲ್ಲಿಂದ 100 ಮೀಟರ್‌ವರೆಗೆ ಈಥರ್ನೆಟ್ ಕೇಬಲ್ ಎಳೆಯಬಹುದಾಗಿದೆ. ಉಪಕರಣಕ್ಕೆ ಬದಲಾಗದ ಐಪಿ ವಿಳಾಸವನ್ನು ನೀಡತಕ್ಕದ್ದು.

ಬಾಡ್ ದರ, ಡೇಟಾ ಬಿಟ್, ಪ್ಯಾರಿಟಿ ಹಾಗೂ ಸ್ಟಾಪ್ ಬಿಟ್‌ಗಳು ಸೂಚಕದಲ್ಲಿರುವಂತೆಯೇ ಇರತಕ್ಕದ್ದು. ಸೂಚಕವು 9600, ಉಪಕರಣವು 2400 ಬಾಡ್‌ನಲ್ಲಿದ್ದರೆ ಅಂಕಿಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಈ ದೋಷ ಕಣ್ಣಿಗೆ ಬೀಳುತ್ತದೆ. ಸಂಪರ್ಕ ಕಡಿದಾಗ ಹಿಂದಿನ ಲಾರಿಯ ತೂಕವೇ ಪರದೆಯಲ್ಲಿ ಉಳಿದು ಚೀಟಿಯಲ್ಲಿ ಮುದ್ರಿತವಾದರೆ ಯಾರಿಗೂ ತಿಳಿಯದೆ ರೈತರಿಗೆ ನಷ್ಟವಾಗಬಹುದು. ಆದ್ದರಿಂದ ಒಮ್ಮೆ ಕೇಬಲ್ ತೆಗೆದು, ತಂತ್ರಾಂಶವು ಹಳೆಯ ತೂಕವನ್ನೇ ತೋರಿಸುವುದೇ ಎಂದು ಪರೀಕ್ಷಿಸುವುದು.

ಜೋಡಣೆಯ ನೆಪದಲ್ಲಿ ಸೂಚಕದ ಮೇಲಿನ ಮುದ್ರೆಯನ್ನು ಒಡೆಯತಕ್ಕದ್ದಲ್ಲ.